ನಲವತ್ತು ಅಂಕ

ಜೂನ್ 18, ಮಂಗಳವಾರ

ಬೆಳಿಗ್ಗೆಯಿಂದ ಮ್ಯೂಸಿಯಂನ ನೆಲಮಾಳಿಗೆ. ಒಂದು ಬಕೆಟ್ ನೀರು, ಹಲ್ಲುಜ್ಜುವ ಬ್ರಷ್, ಮೂರನೆಯ ಪೆಟ್ಟಿಗೆಯ ಮಡಕೆಚೂರು. ಒಡೆದ ಅಂಚನ್ನು ತಿಕ್ಕಬಾರದು. ಸವೆದರೆ ಅದರ ಜೋಡಿ ಮತ್ತೆ ಸಿಗುವುದಿಲ್ಲ.

ಇಪ್ಪತ್ತಮೂರು ವರ್ಷ ನಮ್ಮೂರು ನೌಸಾದ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟವಳು. ಈಗ ಥೆಸಲೊನೀಕಿಯಲ್ಲಿ ಬಾಡಿಗೆ ಕೋಣೆ, ಪುರಾತತ್ವದ ಎಂ.ಎ. ನಲವತ್ತೆಂಟರಲ್ಲಿ! ಸಹಪಾಠಿಗಳು 'ಟೀಚರ್' ಅನ್ನುವುದನ್ನು ಇನ್ನೂ ಬಿಟ್ಟಿಲ್ಲ.

ಇವತ್ತು ಒಂದು ಹಿಡಿಕೆ ಸಿಕ್ಕಿತು. ಕುಂಬಾರನ ಹೆಬ್ಬೆರಳು ಒತ್ತಿದ ಗುರುತು. ನನ್ನ ಹೆಬ್ಬೆರಳು ಇಟ್ಟು ನೋಡಿದೆ — ಸರಿಯಾಗಿ ಕೂತಿತು. ಯಾರಿಗೂ ಹೇಳಲಿಲ್ಲ.

ಅಕ್ಕನಿಗಾದರೂ ಹೇಳಬೇಕು. ಕೆಲಸ ಬಿಟ್ಟು ಓದು ಎಂದವಳೇ ಅವಳು, ಪೊಲಿಕ್ಸೆನಿ. "ಆ ನಲವತ್ತು ಅಂಕದ ಸೇಡು ತೀರಿಸ್ಕೊಳ್ಳೇ ಇವಾಂಥಿಯಾ" ಅಂದಿದ್ದಳು. ಹದಿನೆಂಟರಲ್ಲಿ ಪುರಾತತ್ವಕ್ಕೆ ನಲವತ್ತು ಅಂಕ ಕಡಿಮೆಯಾಗಿ ಊರಿಗೆ ಹತ್ತಿರವಿದ್ದ ಶಿಕ್ಷಕರ ಕಾಲೇಜಿಗೆ ಹೋದವಳು ನಾನು.

ಜೂನ್ 28, ಶುಕ್ರವಾರ

ಅಕ್ಕನ ಮಗಳು ಮಿರ್ಸಿನಿಯ ಫಲಿತಾಂಶ ಬಂತು. ಚೆನ್ನಾಗಿದೆ. ಓಡಿ ಬಂದಳು, ಚಪ್ಪಲಿಯಲ್ಲಿ ಸಮುದ್ರದ ಮರಳು.

"ಚಿಕ್ಕಮ್ಮ, ಫಾರಂ ನೀನೇ ತುಂಬು. ನಂಗೆ ತಲೆ ಕೆಡುತ್ತೆ. ಪಾಸ್‌ವರ್ಡ್ ತಗೋ."

"ಕ್ರಮ ನೀನೇ ಹೇಳು. ಕ್ರಮವೇ ಎಲ್ಲ."

ಎಷ್ಟು ವರ್ಷ ಎಷ್ಟು ಮಕ್ಕಳಿಗೆ ಹೇಳಿದ ಮಾತು. ಬೇಕಾದ ವಿಭಾಗಗಳನ್ನು ಮೇಲಿನಿಂದ ಕೆಳಕ್ಕೆ ಬರೆಯಬೇಕು. ಅಂಕ ಎಲ್ಲಿ ಮೊದಲು ಸಾಲುತ್ತದೋ ಅಲ್ಲೇ ಸೀಟು. ಅದರ ಕೆಳಗಿನದನ್ನು ಯಾರೂ ತಿರುಗಿ ನೋಡುವುದಿಲ್ಲ.

ಅವಳಿಗೆ ಮೊದಲು ನಾಟಕಶಾಸ್ತ್ರ, ದೂರದ ಪಾತ್ರಾ ನಗರದಲ್ಲಿ. ಕಾನೂನು ಆರನೆಯದು. "ಅದೂ ಅಮ್ಮನ ಬಾಯಿ ಮುಚ್ಚಿಸೋಕೆ" ಎಂದು ನಕ್ಕಳು. ನಾನೂ ನಕ್ಕೆ.

ಜುಲೈ 3, ಬುಧವಾರ, ಮಧ್ಯಾಹ್ನ 2

ಅಕ್ಕನ ಫೋನ್. ಬರೆದಿಡುತ್ತೇನೆ, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

"ಪಾಸ್‌ವರ್ಡ್ ನಿನ್ನ ಹತ್ರ ಇದೆಯಂತೆ. ಕಾನೂನನ್ನ ಮೇಲಕ್ಕೆ ಹಾಕಿಬಿಡು."

"ಅವಳಿಗೆ ಗೊತ್ತಾಗಲ್ವಾ?"

"ನಾಟಕಕ್ಕೆ ಅಂಕ ಸಾಲಲಿಲ್ಲ ಅಂದ್ರಾಯ್ತು. ಎರಡು ದಿನ ಅಳ್ತಾಳೆ. ಆಮೇಲೆ ಕಾಲಿಗೆ ಬೀಳ್ತಾಳೆ, ನೋಡ್ತಿರು."

"ಅವಳೇನು ದಡ್ಡಿಯೇ, ಪಟ್ಟಿ ನೋಡದೆ ಇರೋಕೆ?"

"ಅಳೋವಾಗ ಪಟ್ಟಿ ಯಾರು ನೋಡ್ತಾರೆ? ನೀನು ನೋಡಿದ್ಯಾ?"

ಅವಳ ಕಡೆ ಟಿ.ವಿ. ಓಡುತ್ತಿತ್ತು. ಆಮೇಲೆ — "ಕುಕ್ಕರ್ ಕೂಗ್ತಿದೆ, ಇಡ್ತೀನಿ."

ಕುಕ್ಕರ್ ಕೂಗಿರಲಿಲ್ಲ.

ಜುಲೈ 4, ಗುರುವಾರ

ಗ್ರಂಥಾಲಯ. ನನಗೆ ಹದಿನೆಂಟಾದ ವರ್ಷದ ಆಗಸ್ಟ್ ತಿಂಗಳ ಪತ್ರಿಕೆಗಳ ಕಟ್ಟು. ಪ್ರತಿ ವಿಭಾಗಕ್ಕೆ ಕೊನೆಯದಾಗಿ ಸೇರಿದವರ ಅಂಕ, ಸಾಲುಸಾಲು.

ಪುರಾತತ್ವ. ಕನ್ನಡಕ ಒರೆಸಿ ಮತ್ತೆ ನೋಡಿದೆ. ನನ್ನ ಅಂಕ ಅದಕ್ಕಿಂತ ನೂರ ಹದಿನೆಂಟು ಹೆಚ್ಚು.

ಆ ಬೇಸಿಗೆ ನಾನು ಪೀಚ್ ಹಣ್ಣಿನ ಶೆಡ್ಡಿನಲ್ಲಿ ಪೆಟ್ಟಿಗೆ ತುಂಬುತ್ತಿದ್ದೆ. ಹಣ್ಣಿನ ನವಿರು ಹತ್ತಿ ತೋಳೆಲ್ಲ ನವೆ. ಅಕ್ಕ ಫಾರಂ ಹಿಡಿದು ಅಲ್ಲಿಗೇ ಬಂದಳು. ವಿಭಾಗದ ಹೆಸರುಗಳಿಲ್ಲ, ಬರೀ ಸಂಕೇತಸಂಖ್ಯೆ. "ಎಲ್ಲ ತುಂಬಿದೀನಿ, ಸಹಿ ಹಾಕು." ಮುಂಗೈಯಿಂದ ಬೆವರು ಒರೆಸಿ ಸಹಿ ಹಾಕಿದೆ. ಓದಲಿಲ್ಲ. ಅಕ್ಕ ಅಲ್ಲವೇ?

ಫಲಿತಾಂಶದ ದಿನ ಶಾಲೆಯ ಗೋಡೆಯ ಪಟ್ಟಿ ನೋಡಿಬಂದವಳೂ ಅವಳೇ. ಕೈಯಲ್ಲಿ ಕೆನೆ ತುಂಬಿದ ಬಿಸಿ ಬುಗಾತ್ಸಾ ತಿಂಡಿ, ಮೇಲೆ ಸಕ್ಕರೆಪುಡಿ. "ಸಾವಿರಗಟ್ಟಲೆ ಅಂಕದಲ್ಲಿ ಬರೀ ನಲವತ್ತು ಕಣೇ. ಇಷ್ಟು ಹತ್ತಿರ!" ನನ್ನ ತಲೆ ಅವಳ ಮಡಿಲಲ್ಲಿ.

ಜುಲೈ 9, ಮಂಗಳವಾರ

ನಾಲ್ಕು ದಿನ ನೆಲಮಾಳಿಗೆಗೆ ಹೋಗಲಿಲ್ಲ. ಪುಸ್ತಕ ತೆರೆದರೆ ಸಾಲು ಕಣ್ಣಿಗೆ ಹತ್ತುವುದಿಲ್ಲ.

ಇವತ್ತು ಅಕ್ಕನ ಮನೆಗೆ ಹೋದೆ. ಅಕ್ಕಿ ತುಂಬಲು ಟೊಮೇಟೊ ತಿರುಳು ತೆಗೆಯುತ್ತಿದ್ದಳು. ಪತ್ರಿಕೆಯ ಅಂಕ ಹೇಳಿದೆ, ನನ್ನ ಫಾರಂನ ಕ್ರಮ ಬದಲಿಸಿದ್ದು ನೀನೇ ಎಂದೆ. ಚಮಚ ನಿಲ್ಲಿಸಲಿಲ್ಲ.

"ಅಪ್ಪ ಇರಲಿಲ್ಲ. ಅಮ್ಮಂಗೆ ಪಾರ್ಶ್ವವಾಯು ಹೊಡೆದು ಆರು ತಿಂಗಳು. ಯಾರಾದ್ರೂ ಹತ್ರ ಇರಬೇಕಿತ್ತು ಇವಾ."

"ನೀನು?"

"ನಂದು ಕಾಲೇಜು ಮೂರನೇ ವರ್ಷ ನಡೀತಿತ್ತಲ್ಲ."

"ಅಮ್ಮ ಹೇಳಿದ್ದಾ?"

ಚಮಚ ನಿಂತಿತು.

"ಅಮ್ಮಂಗೆ ಗೊತ್ತಿದ್ರೆ ಬಿಡ್ತಿದ್ಲಾ? ಚಿಕ್ಕವಳನ್ನ ಕಳಿಸು, ನಾನು ಹೆಂಗೋ ಇರ್ತೀನಿ ಅಂತ ಒಂದೇ ಹಟ."

ಇಪ್ಪತ್ತೊಂದು ವರ್ಷ ಅಮ್ಮನಿಗೆ ಸೂಪು ಕುಡಿಸಿದೆ. ಚೆನ್ನಾಗಿರುವ ಕೈಯಿಂದ ತಲೆ ಸವರಿ "ನಲವತ್ತೇ ಅಲ್ವೇನೇ, ಪಾಪ" ಅನ್ನುತ್ತಿದ್ದಳು. ಒಳಗೊಳಗೆ ಎಷ್ಟೋ ಸಲ ಅವಳ ಮೇಲೆ ಸಿಟ್ಟಾಗಿದ್ದೆ. ಅಮ್ಮನನ್ನೂ ಅಕ್ಕ ನಂಬಿಸಿದ್ದಳು.

"ನಲವತ್ತು ಯಾಕೆ?" ಎಂದು ಕೇಳಿದೆ. ಅದೊಂದೇ ತಿಳಿಯಬೇಕಿತ್ತು. ನಪಾಸಾದ ಪ್ರತಿ ಮಗುವಿನ ಪಕ್ಕ ಕೂತು ನನ್ನ ನಲವತ್ತನ್ನು ಹೇಳಿದ್ದೇನೆ. ನನ್ನ ಹುಟ್ಟಿದ ತಾರೀಕಿನ ಹಾಗೆ.

"ಯಾಕೆ ಅಂದ್ರೆ? ಬಾಯಿಗೆ ಬಂತು, ಹೇಳಿದೆ."

ಟೊಮೇಟೊಗಳಿಗೆ ಮುಚ್ಚಳ ಇಡತೊಡಗಿದಳು. "ಈಗ ಓದ್ತಿದ್ದೀಯಲ್ಲ. ಸೇರಿಸಿದ್ದೂ ನಾನೇ. ಇನ್ನೇನು ಬೇಕು ನಿಂಗೆ? ಊಟ ಮಾಡ್ಕೊಂಡು ಹೋಗು."

ಊಟ ಮಾಡದೆ ಬಂದೆ. ಬಾಗಿಲಲ್ಲಿ ಅಂದಳು: "ಮಿರ್ಸಿನಿಗೆ ಹೇಳಬೇಡ. ತಾಯಿ ಅಂತ ನನಗಿರೋ ಮರ್ಯಾದೆ ಅಷ್ಟೇ."

ಜುಲೈ 11, ಗುರುವಾರ, ಬೆಳಿಗ್ಗೆ 11

ಫಾರಂ ಸಲ್ಲಿಸಲು ನಾಳೆ ಕೊನೆಯ ದಿನ. ಮಿರ್ಸಿನಿಯನ್ನು ಕರೆಸಿದೆ. ನನ್ನ ಮೇಜಿನ ಮುಂದೆಯೇ ಕೂತಿದ್ದಾಳೆ, ಐಸ್ ಕಾಫಿಯ ಲೋಟದ ನೀರು ಮೇಜಿಗೆ ಇಳಿಯುತ್ತಿದೆ.

"ಬಟನ್ ನೀನೇ ಒತ್ತಬಹುದಿತ್ತಲ್ಲ ಚಿಕ್ಕಮ್ಮ. ಈ ಬಿಸಿಲಲ್ಲಿ ಬಸ್ಸು ಹತ್ತಿಸಿದೆ."

"ಗಟ್ಟಿಯಾಗಿ ಓದು. ಒಂದೊಂದೇ. ಆಮೇಲೆ ನೀನೇ ಒತ್ತು."

"ಥೇಟ್ ಟೀಚರ್!"

ಓದಿದಳು. ನಾಟಕಶಾಸ್ತ್ರ, ಪಾತ್ರಾ. ಎರಡನೆಯದು, ಮೂರನೆಯದು... ಆರನೆಯದು ಕಾನೂನು. ಒತ್ತಿದಳು. ಪಾಸ್‌ವರ್ಡನ್ನೂ ಅವಳ ಕೈಯಿಂದಲೇ ಬದಲಾವಣೆ ಮಾಡಿಸಿದೆ. ಹೊಸದನ್ನು ನಾನು ನೋಡಲಿಲ್ಲ.

ನಾನು ಬರೆಯುವುದನ್ನು ಕಂಡು ಕತ್ತು ಚಾಚುತ್ತಿದ್ದಾಳೆ. ಕೈ ಅಡ್ಡ ಇಟ್ಟಿದ್ದೇನೆ. ಕೇಳುತ್ತಿದ್ದಾಳೆ —

"ಚಿಕ್ಕಮ್ಮ, ನಿಂಗೆ ಆಗ ಎಷ್ಟು ಕಡಿಮೆ ಬಿದ್ದಿತ್ತು? ನಲವತ್ತಲ್ವಾ?"

ಪೆನ್ನು ಇಡುತ್ತೇನೆ. ಇದನ್ನು ಅವಳ ಮುಖ ನೋಡಿಯೇ ಹೇಳಬೇಕು.