ಪೆಪ್ಪರ್‌ಮೆಂಟ್ ವಾಸನೆ

ಮಾರ್ಚ್ ೩, ಸೋಮವಾರ

ಇವತ್ತೂ ಬಸ್ಸು ತೊಳೆಯುವ ಕೆಲಸವೇ. ಸ್ಟೀರಿಂಗ್ ಹಿಡಿಯುತ್ತಿದ್ದ ಕೈಯಲ್ಲಿ ನೀರಿನ ಪೈಪು. ಬೆಳಿಗ್ಗೆ ಡಿಪೋ ಗೇಟಿನಲ್ಲಿ, ಕುಡಿದಿದ್ದರೆ ಹಿಡಿಯುವ ಮಿಶನ್ ಊದಿದೆ — ಸೊನ್ನೆ. "ಹೀಗೇ ಇರಯ್ಯಾ, ಬಸ್ಸು ವಾಪಸ್ ಕೊಡೋಣ" ಅಂದರು ಇನ್‌ಚಾರ್ಜ್. ಈ ಮನುಷ್ಯ ನಗುತ್ತಾರೆ ಎಂಬುದೇ ಕುಡಿತ ಬಿಟ್ಟ ಮೇಲೆ ಗೊತ್ತಾಯಿತು.

ಮನೆಯ ಮಿಶನ್ ಇನ್ನೂ ಖಡಕ್. ಊಟದ ಡಬ್ಬಿ ಇಸಿದುಕೊಳ್ಳುವ ನೆಪದಲ್ಲಿ ಮಗಳು ಬಾಗಿಲಲ್ಲೇ ಮೂಸುತ್ತಾಳೆ. ಮೂರನೇ ಕ್ಲಾಸಿನ ಇನ್‌ಸ್ಪೆಕ್ಟರಮ್ಮ! ನಾನೂ ಏನೂ ಗೊತ್ತಿಲ್ಲದವನಂತೆ ಬಗ್ಗುತ್ತೇನೆ. ಪಾಸಾದರೆ, "ಅಪ್ಪಾ, ಇವತ್ತು ಸ್ಕೂಲಲ್ಲಿ ಏನಾಯ್ತು ಗೊತ್ತಾ..." ಶುರು.

ಮಾರ್ಚ್ ೧೪

ಕೆಟ್ಟ ದಿನ. ತನ್ನ ತಂಗಿಗೆ ಕೆಲಸ ಸಿಕ್ಕಿತೆಂದು ಡಿಪೋ ಮೆಕ್ಯಾನಿಕ್ ಎಲ್ಲರಿಗೂ ಪೆಪ್ಪರ್‌ಮೆಂಟ್ ಹಂಚಿದ. ಚೀಪುತ್ತಲೇ ಮನೆಗೆ ಬಂದೆ. ಮಗಳು ಮೂಸಿದಳು. ಮುಖ ಸಪ್ಪಗಾಯಿತು. ಡಬ್ಬಿ ಮುಟ್ಟದೆ ಒಳಗೆ ಹೋದಳು.

ಥೂ, ನನ್ನ ಬುದ್ಧಿಗಿಷ್ಟು! ಕುಡಿದ ವಾಸನೆ ಮುಚ್ಚಲು ದಿನಾ ಅದನ್ನೇ ತಿನ್ನುತ್ತಿದ್ದೆನಲ್ಲ. ಅವಳ ಪಾಲಿಗೆ ಅದೇ ಬ್ರಾಂದಿ.

"ಬರೀ ಪೆಪ್ಪರ್‌ಮೆಂಟು ಕಣಮ್ಮ, ನಿನ್ನಾಣೆ."

"ಆಗ್ಲೂ ಹಿಂಗೇ ಅಂತಿದ್ದೆ" — ಒಳಗಿನಿಂದಲೇ.

ಹೆಂಡತಿ ಹತ್ತಿರ ಬಂದು ಮೂಸಿ, ನನ್ನ ಕಣ್ಣು ನೋಡಿದಳು. "ನಂಗೆ ಗೊತ್ತಾಯ್ತು ಬಿಡಿ. ಅವಳು ಚಿಕ್ಕವಳು, ತಡ ಆಗುತ್ತೆ."

ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದ ಗತಿ. ಮರ ನೆಟ್ಟವನೂ ನಾನೇ. ಹೇಗೂ ಹೆಸರು ಬಂತಲ್ಲ, ಹೋಗಿ ಕುಡಿದೇಬಿಡೋಣ ಎನಿಸಿತು. ಚಪ್ಪಲಿ ಮೆಟ್ಟಿದ್ದೂ ಆಯಿತು. ಡಬ್ಬಿ ಕಾಲಿಗೆ ತಗುಲಿತು... ಚಪ್ಪಲಿ ಬಿಟ್ಟು, ಡಬ್ಬಿ ತೊಳೆದು ಇಟ್ಟೆ. ತೊಳೆಯುವಾಗ ಅಳು ಬಂತು.

ಮಾರ್ಚ್ ೧೫

ಬಾಗಿಲಲ್ಲಿ ಬಗ್ಗಿ ನಿಂತೆ. ಬರಲಿಲ್ಲ.

ಮಾರ್ಚ್ ೧೭

ಬರಲಿಲ್ಲ.

ಏಪ್ರಿಲ್ ೨

ಬಂದಳು! ಎರಡೆರಡು ಸಲ ಮೂಸಿದಳು. "ಸೋಪಿನ ವಾಸನೆ" ಅಂದಳು.

"ಬಸ್ಸು ತೊಳೀತೀನಲ್ಲಮ್ಮ."

"ಸರಿಯಾಗಿ ತೊಳೀತೀಯಾ? ನೀನು ಕಿವಿ ಹಿಂದೆ ತೊಳ್ಕೊಳ್ಳೋದೇ ಇಲ್ಲ."

ಬೈಸಿಕೊಂಡು ಇಷ್ಟು ಖುಷಿಪಟ್ಟ ನೆನಪಿಲ್ಲ.

ಮೇ ೧೯, ಬೆಳಿಗ್ಗೆ, ಡಿಪೋ

ಸ್ಟೀರಿಂಗ್ ವಾಪಸ್! ಡ್ರೈವರ್ ಸೀಟಿನಲ್ಲೇ ಕೂತು ಬರೆಯುತ್ತಿದ್ದೇನೆ.

ಹೊರಡುವಾಗ ಮಗಳು ಅಡ್ಡ ನಿಂತು "ಬಾಯಿ ತೆಗಿ" ಅಂದಳು. ಹೊರಡುವಾಗಲೂ ಚೆಕ್ಕಿಂಗ್ ಶುರುವಾಯಿತೇ? ಬಗ್ಗಿ "ಹಾ..." ಎಂದು ಊದಿದೆ.

"ಅಯ್ಯೋ, ಊದಬೇಡಪ್ಪ. ಸುಮ್ನೆ ತೆಗಿ."

ತೆಗೆದೆ. ನಾಲಿಗೆಯ ಮೇಲೆ ಒಂದು ಪೆಪ್ಪರ್‌ಮೆಂಟ್ ಇಟ್ಟಳು. "ಬಸ್ ಓಡಿಸುವಾಗ ನಿದ್ದೆ ಬರಬಾರದಲ್ಲ, ಅದಕ್ಕೆ." ಅಷ್ಟು ಹೇಳಿ ಆಡಲು ಓಡಿದಳು. ಮೂಸಲೇ ಇಲ್ಲ.

ಗೇಟಿನಲ್ಲಿ ಇನ್‌ಚಾರ್ಜ್ ಮೂಗರಳಿಸಿದರು. "ಏನಯ್ಯಾ, ಪೆಪ್ಪರ್‌ಮೆಂಟಾ?" "ಹೌದು ಸಾರ್. ಮಗಳು ಕೊಟ್ಟಳು." ಉಗುಳಲು ಮನಸ್ಸಾಗದೆ ನುಂಗಿಬಿಟ್ಟೆ. ಊದಿದೆ — ಸೊನ್ನೆ.

ಕಂಡಕ್ಟರ್ ಸೀಟಿ ಊದುತ್ತಿದ್ದಾನೆ. ಬರಲಿ, ಅವನಿಗೂ ಹೇಳಬೇಕು — ನನ್ನ ಮಗಳು ಇವತ್ತು ನನ್ನ ಬಾಯಿಗೆ ತನ್ನ ಕೈಯಾರೆ ಪೆಪ್ಪರ್‌ಮೆಂಟ್ ಇಟ್ಟಳು ಅಂತ.