ಬಾವುಟದ ಕೋಲಿನಲ್ಲಿ ಬಾಣಂತನ

ಸೆಪ್ಟೆಂಬರ್ 9, ಬೆಳಿಗ್ಗೆ

ಮನೋಳಿ, ಸಂಘದ ಕೋಣೆ. ಕಸ ಹೊಡೆದೆ. ಅಟ್ಟದ ಮೇಲಿದ್ದ ಬಾವುಟ ಇಳಿಸಿದೆ—ಮುಂದಿನ ತಿಂಗಳು ಮೋರ್ಚಾ, ದನ ಮೇಯುವ ಊರ ಗಾಯರಾಣ ಭೂಮಿ ಉಳಿಸಲು. ಒಂದು ಬಿದಿರುಕೋಲಿನ ತೂತಿಗೆ ಜೇನ್ನೊಣ ಹೋಗಿ ಬರುತ್ತಿದೆ. ಹಿಂಡಿಲ್ಲ, ಒಂಟಿ. ತೊಗರಿ ಎಲೆ ದುಂಡಗೆ ಕತ್ತರಿಸಿ ತರುತ್ತದೆ. ಎರಡು ವರ್ಷ ನಾವು ಬೀದಿಗಿಳಿಯಲಿಲ್ಲ. ಕೋಲು ಖಾಲಿ ಬಿದ್ದಿತ್ತು, ಅದು ಮನೆ ಕಟ್ಟಿತು. ನಾಚಿಕೆಗೇಡು ನಮ್ಮದು.

ಸೆಪ್ಟೆಂಬರ್ 10

ಇವತ್ತು ಆ ತೂತಿನ ಹತ್ತಿರ ಒಬ್ಬ ಕಳ್ಳ ಕಂಡ. ಕಣಜದ ಹುಳ—ಹಸಿರು ಬಳೆಯ ಚೂರಿಗೆ ರೆಕ್ಕೆ ಬಂದಂತೆ. ಫೋನಿನಲ್ಲಿ ಹುಡುಕಿದೆ. ಜೇನು ಹೊರಗೆ ಹೋದಾಗ ನುಗ್ಗಿ ಮೊಟ್ಟೆ ಇಡುತ್ತದಂತೆ. ಇದರ ಮರಿ ಜೇನಿನ ಮರಿಯನ್ನು ತಿಂದು ಬೆಳೆಯುತ್ತದೆ. ದುಡಿದವರ ಮನೆಯಲ್ಲಿ ಕುಂತು ಉಣ್ಣುವ ಜಾತಿ! ಚಪ್ಪಲಿ ಎತ್ತಿದೆ.

ಅಷ್ಟರಲ್ಲಿ ಜೇನು ಬಂತು. ಕಣಜ ಮುದುಡಿ ಗುಂಡಾಯಿತು. ಜೇನು ಕಚ್ಚಿತು, ಹಲ್ಲು ನಾಟಲಿಲ್ಲ. ಎಳೆದು ಹೊರಗೆ ಒಗೆಯಿತು. ನೆಲದ ಮೇಲೆ ಗುಂಡು ಬಿಚ್ಚಿಕೊಂಡಿತು. ಮತ್ತೆ ಹತ್ತಿತು. ಮತ್ತೆ ಒಗೆತ. ಮತ್ತೆ ಬಂತು...

ನಮ್ಮನ್ನು ಪೊಲೀಸ್ ಗಾಡಿಗೆ ಒಗೆದಾಗ ನಾವೂ ಹೀಗೇ ಮತ್ತೆ ಬರುತ್ತಿದ್ದೆವು. ಆದರೆ ಇದು ಕಳ್ಳ! ಯಾರ ಪರ ಕೂಗಲಿ? ಎತ್ತಿದ ಕೈ ಹಾಗೇ.

ಸಂಘದ ಹಿರಿಯ ನಿಜಗುಣಪ್ಪ ಕಾಕಾ ಬಂದರು.

"ಏನವ್ವಾ ಶರ್ವರಿ, ಚಪ್ಪಲಿ ಹಿಡಕೊಂಡು ಪೂಜಾ ಮಾಡಾಕ ಹತ್ತಿಯೇನು? ಸರಿ ಅತ್ತಾಗ, ತೂತಿಗೆ ಸೀಮೆಎಣ್ಣಿ ಹಾಕತೇನಿ."

"ಒಂದ್ ಹನಿ ಬಿದ್ರ ಉಳದದ್ದು ನಿಮಗ ಕುಡಸ್ತೇನಿ, ಕಾಕಾ."

ಸೆಪ್ಟೆಂಬರ್ 12

ಜೇನು ಎಲೆಯಿಂದ ತೂತು ಮುಚ್ಚಿ ಹೋಯಿತು. ಒಳಗೆ ಯಾರ ಮರಿ? ಕಟ್ಟಿದವಳಿಗೂ ಗೊತ್ತಿಲ್ಲ.

ಅಕ್ಟೋಬರ್ 16, ಸವದತ್ತಿ, ಮಧ್ಯಾಹ್ನ

ಪೊಲೀಸರು ಮೋರ್ಚಾ ತಡೆದರು. ನಮ್ಮನ್ನೆಲ್ಲ ಒಂದು ಸಭಾಭವನದಲ್ಲಿ ಕೂಡಿಹಾಕಿದರು. ಕೋಲುಗಳು ಜಪ್ತಿ. ಕೋಲು ಸಾಲದೆ ಆ ಜೇನಿನ ಕೋಲನ್ನೂ ತಂದಿದ್ದೆವು, ನಾನೇ ಹಿಡಿದಿದ್ದೆ, ಬೇರೆಯವರ ಕೈಗೆ ಕೊಟ್ಟಿರಲಿಲ್ಲ. ಕಾನ್‌ಸ್ಟೇಬಲ್ ಕೈ ಹಾಕಿದ. ಬಿಡಲಿಲ್ಲ.

ಕಾಕಾ ನಡುವೆ ಬಂದರು: "ಸಾಹೇಬ್ರ, ಒಳಗ ಬಾಣಂತನ ಐತ್ರಿ!"

ಅವನು ನಕ್ಕ. ಬಗ್ಗಿ ಕೋಲಿಗೆ ಕಿವಿ ಇಟ್ಟ. ನಗು ನಿಂತಿತು.

"ಏನೋ ಕಡಿಯಾಕ ಹತ್ತೈತ್ರಿ ಅಕ್ಕಾರ..."

ಸ್ವಲ್ಪ ಹೊತ್ತಿನ ಮೇಲೆ

ಕೋಲನ್ನು ಕಿಟಕಿಯ ಬಿಸಿಲಿಗೆ ಇಟ್ಟಿದ್ದೇವೆ. ಘೋಷಣೆ ನಿಂತಿದೆ. ಪೊಲೀಸರೂ ಸುತ್ತ ಕುಂತಿದ್ದಾರೆ. ಜೇನೇ ಬರಲಿ ಎಂದು ಬೇಡುತ್ತಿದ್ದೇನೆ—ದುಡಿದವಳ ಮಗಳು. ಹಸಿರು ಕಣಜ ಬಂದರೆ? ಅದರ ಮೇಲಿನ ಕಣ್ಣು ಕೀಳಲು ಆಗುತ್ತದೆಯೆ ನನಗೆ?

ಒಣಗಿದ ಎಲೆ ಬಿರಿಯಿತು. ಒಂದು ಕಾಲು... ತಲೆ... ಬಿಸಿಲು ಬಿತ್ತು ಮೇಲೆ, ಅದು—