ಕೆಂಪು ಟೇಪಿನ ಗುರುತು

ಪುಟ್ಟೀ,

ಕೆಲಸಕ್ಕೆ ಹೊರಟೆ. ನಿನ್ನ ಸೈಕಲ್ಲನ್ನು ರಿಪೇರಿ ಸ್ಟ್ಯಾಂಡಿನಿಂದ ಇಳಿಸಿ ಗೋಡೆಗೆ ಒರಗಿಸಿದ್ದೇನೆ. ಫ್ರೇಮಿನ ಮೇಲಿನ ಕೊಳವೆಗೇ ಸ್ಟ್ಯಾಂಡಿನ ಕ್ಲಾಂಪ್ ಬಿಗಿದಿದ್ದೀಯಲ್ಲ, ತಲೆ ನೆಟ್ಟಗಿದೆಯಾ ನಿನಗೆ? ಅದು ಕಬ್ಬಿಣವಲ್ಲ ಮಾರಾಯ್ತಿ, ಕಾರ್ಬನ್ ಫೈಬರ್. ಹಿಂಡಿದರೆ ಒಳಗೊಳಗೇ ಬಿರುಕು ಬಿಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಇಳಿಜಾರಿನಲ್ಲಿ ಗೊತ್ತಾಗುತ್ತದೆ.

ಸೀಟಿನ ಕಂಬವನ್ನು ಸ್ವಲ್ಪ ಮೇಲಕ್ಕೆಳೆದು, ಬಟ್ಟೆ ಸುತ್ತಿ, ಅಲ್ಲಿ ಕ್ಲಾಂಪ್ ಹಾಕು. ಕಂಬವೂ ಕಾರ್ಬನ್ನೇ, ಜಾರದಷ್ಟು ಬಿಗಿ ಸಾಕು. ನನ್ನ ಟವೆಲ್ ಮುಟ್ಟಿದರೆ ನೋಡು.

ಅಪ್ಪ ಸೈಕಲ್ಲು ನಿನಗೆ ಕೊಟ್ಟರು, ಸ್ಟ್ಯಾಂಡು ನನಗೆ. "ರಿಪೇರಿ ನಿನ್ನ ಕೈಗೆ ಚೆನ್ನಾಗಿ ಹತ್ತುತ್ತೆ ಕಣೇ" ಅಂದರು. ಹೊಗಳಿಕೆಯಂತೆ! ಬೀದಿ ತುಂಬ ಮೆರೆಯುವವಳು ನೀನು, ಉಗುರಲ್ಲಿ ಗ್ರೀಸು ನನಗೆ. ಹೌದು, ಹೊಟ್ಟೆ ಉರಿಯುತ್ತೆ. ನಗಬೇಡ.

ಕಂಬದ ಮೇಲಿನ ಬಿಳಿ ಟೇಪು ನಿನ್ನ ಎತ್ತರ. ಕೆಲಸ ಮುಗಿದ ಮೇಲೆ ಸೀಟನ್ನು ಅಲ್ಲಿಯವರೆಗೆ ಇಳಿಸಿ ಬಿಗಿ ಮಾಡು. ಅದಕ್ಕಿಂತ ಎರಡು ಬೆರಳು ಮೇಲೆ ಕೆಂಪು ಟೇಪಿದೆ, ಅದು ನನ್ನ ಎತ್ತರ. ಕೀಳಬೇಡ. ನೀನು ತಡವಾಗಿ ಏಳುವ ದಿನಗಳಿಗೆ ಬೇಕು.

ಅಕ್ಕ